ಏರಿದ ಅಂಕಿ, ಇಳಿದ ಧೈರ್ಯ

ಕ್ಯಾನ್ಸರ್ ಚಿಕಿತ್ಸೆಯ ನಡುವೆ ಮಾಡಿಸಿದ ರಕ್ತಪರೀಕ್ಷೆಯ ಫಲಿತಾಂಶ ಈಗ ವೈದ್ಯರ ಕೈಗಿಂತ ಮೊದಲು ಮನೆಯವರ ವಾಟ್ಸಾಪ್‌ಗೆ ಬಂದು ಬೀಳುತ್ತದೆ. ಎಷ್ಟೋ ಸಲ ರಾತ್ರಿ ಹೊತ್ತು. ಯಾವುದೋ ಅಂಕಿಯ ಪಕ್ಕದಲ್ಲಿ ದಪ್ಪಕ್ಷರದ ‘ಹೈ’ ಗುರುತು. ಡಾಕ್ಟರು ಸಿಗುವುದು ನಾಡಿದ್ದು. ಅಲ್ಲಿಯವರೆಗೆ ಯಾರಿಗೂ ನಿದ್ದೆಯಿಲ್ಲ. ಗೂಗಲ್ ನೋಡಿದ ಮಗ ಒಂದು ಹೇಳುತ್ತಾನೆ, ಫೋನ್ ಮಾಡಿದ ನೆಂಟರು ಇನ್ನೊಂದು. ರೋಗಿಗೆ ಹೇಳುವುದೋ ಬೇಡವೋ ಎಂದು ಅಡುಗೆಮನೆಯಲ್ಲಿ ಪಿಸುಮಾತು ನಡೆಯುತ್ತಿರುತ್ತದೆ. ಅಷ್ಟರಲ್ಲಿ ಮನೆಯವರ ಮುಖ ನೋಡಿಯೇ ರೋಗಿಗೆ ಎಲ್ಲ ಗೊತ್ತಾಗಿರುತ್ತದೆ.

ಆ ಅಂಕಿ ಎಲ್ಲಿಂದ ಬಂತು, ಅದು ಎಷ್ಟನ್ನು ಹೇಳಬಲ್ಲದು ಎಂದು ತಿಳಿದರೆ ಭಯ ಪೂರ್ತಿ ಹೋಗಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಬೇಡದ ಭಯವಾದರೂ ಹೋಗುತ್ತದೆ.

ಅಂಡಾಶಯದ ಕ್ಯಾನ್ಸರಿನಲ್ಲಿ ನೋಡುವ ಸಿಎ-125 ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಅದರ ಮಿತಿ 35 ಎಂದು ರಿಪೋರ್ಟಿನಲ್ಲಿ ಅಚ್ಚಾಗಿರುತ್ತದೆ. ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದ ಗೆರೆ ಅದು. ಆರೋಗ್ಯವಂತರ ರಕ್ತ ಅಳೆದಾಗ ನೂರಕ್ಕೆ ಸುಮಾರು ಒಬ್ಬರಲ್ಲಿ ಮಾತ್ರ ಅಂಕಿ ಇದನ್ನು ದಾಟಿತ್ತು. ಆದರೆ ಗೆರೆ ದಾಟಿಸುವ ಕಾರಣಗಳು ಹಲವು. ಮುಟ್ಟಿನ ದಿನಗಳು, ಎಂಡೊಮೆಟ್ರಿಯೋಸಿಸ್, ಲಿವರ್ ಕಾಯಿಲೆ, ಇತ್ತೀಚೆಗೆ ಆದ ಹೊಟ್ಟೆಯ ಆಪರೇಷನ್, ನಮ್ಮ ದೇಶದಲ್ಲಿ ಮರೆಯಲೇಬಾರದ ಹೊಟ್ಟೆಯ ಕ್ಷಯ, ಇವೆಲ್ಲವೂ ಸಿಎ-125ನ್ನು ಏರಿಸಬಲ್ಲವು. ಕರುಳಿನ ಕ್ಯಾನ್ಸರಿನಲ್ಲಿ ನೋಡುವ ಸಿಇಎ ಬೀಡಿ, ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಹೆಚ್ಚಿರುತ್ತದೆ. ಪ್ರಾಸ್ಟೇಟ್‌ನ ಪಿಎಸ್‌ಎ ಒಂದು ಮೂತ್ರದ ಸೋಂಕಿಗೇ ಮೇಲೇರಬಹುದು. ಇನ್ನು ಒಂದೇ ರಕ್ತವನ್ನು ಎರಡು ಲ್ಯಾಬಿಗೆ ಕೊಟ್ಟರೆ ಎರಡು ಅಂಕಿ ಬರುವುದುಂಟು, ಅವರವರ ಕಿಟ್ ಬೇರೆ. ಹೀಗಾಗಿ ಅನುಭವಿ ವೈದ್ಯರು ಒಂದು ಅಂಕಿಯನ್ನು ಹಿಡಿದು ಕೂರುವುದಿಲ್ಲ. ಒಂದೇ ಲ್ಯಾಬಿನ ಮೂರು ನಾಲ್ಕು ಅಂಕಿಗಳನ್ನು ಸಾಲಾಗಿ ಇಟ್ಟುಕೊಂಡು ಅವು ಎತ್ತ ಸಾಗುತ್ತಿವೆ ಎಂದು ನೋಡುತ್ತಾರೆ.

ಚಿಕಿತ್ಸೆ ಫಲಿಸುತ್ತಿರುವಾಗಲೇ ಅಂಕಿ ಏರುವ ಸಂದರ್ಭಗಳೂ ಇವೆ, ಇದನ್ನು ಮೊದಲೇ ಹೇಳಿಸಿಕೊಂಡಿರದ ಕುಟುಂಬಕ್ಕೆ ಇದು ದೊಡ್ಡ ಆಘಾತ. ಕೀಮೋ ಶುರುವಾದ ಮೊದಲ ಕೆಲವು ವಾರಗಳಲ್ಲಿ ಕ್ಯಾನ್ಸರ್ ಕೋಶಗಳು ಸತ್ತು ಒಡೆದು ಒಳಗಿನದೆಲ್ಲ ರಕ್ತಕ್ಕೆ ಸೇರುವುದರಿಂದ ಸಿಇಎ ಒಮ್ಮೆ ಮೇಲೆದ್ದು ಆಮೇಲೆ ಇಳಿಯಬಹುದು. ಮೂಳೆಗೆ ಹರಡಿದ ಸ್ತನ ಅಥವಾ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಔಷಧಿ ಕೆಲಸ ಮಾಡಿದಾಗ ಕೆಟ್ಟ ಜಾಗದಲ್ಲಿ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಬೋನ್ ಸ್ಕ್ಯಾನ್‌ನಲ್ಲಿ ಆ ದುರಸ್ತಿಯ ಜಾಗವೇ ಹೊಸ ಕಲೆಯಾಗಿ ಹೊಳೆಯುತ್ತದೆ. ಚಿಕಿತ್ಸೆ ಶುರುವಾದ ಮೇಲಿನ ಮೊದಲ ಸ್ಕ್ಯಾನ್‌ನಲ್ಲಿ ಕಂಡ ಹೊಸ ಕಲೆಗಳನ್ನು ಮುಂದಿನ ಸ್ಕ್ಯಾನ್ ಖಚಿತಪಡಿಸುವವರೆಗೆ ಪ್ರಾಸ್ಟೇಟ್ ಕ್ಯಾನ್ಸರ್ ತಜ್ಞರು ರೋಗ ಹೆಚ್ಚಿತೆಂದು ಬರೆಯದಿರುವುದು ಇದಕ್ಕಾಗಿ.

ಕೌಂಟ್ ಬೀಳುವುದು ಇನ್ನೊಂದು ಗಾಬರಿ. ಕೀಮೋ ಕೊಟ್ಟ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿರಕ್ತಕಣ ತಳ ಮುಟ್ಟುವುದು ಬಹಳಷ್ಟು ಔಷಧಿಗಳಲ್ಲಿ ನಿರೀಕ್ಷಿತ. ಮುಂದಿನ ಸೈಕಲ್ ಒಂದು ವಾರ ತಳ್ಳಿದರೆಂದ ಮಾತ್ರಕ್ಕೆ ಚಿಕಿತ್ಸೆ ಸೋತಿತೆಂದಲ್ಲ. ಆದರೆ ಆ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಸಾಕು, ರಾತ್ರಿಯೋ ಹಗಲೋ ನೋಡದೆ ಆಸ್ಪತ್ರೆಗೆ ಓಡಬೇಕು. ರಿಪೋರ್ಟಿಗೆ ಹೆದರಿ ಜ್ವರವನ್ನು ಪ್ಯಾರಾಸಿಟಮಾಲ್ ನುಂಗಿ ಮುಚ್ಚಿಡುವುದು ತಿರುಗುಮುರುಗು ಕೆಲಸ.

ಸಿಟಿ ಸ್ಕ್ಯಾನ್ ರಿಪೋರ್ಟಿನ ಭಾಷೆ ಇನ್ನೂ ಕಷ್ಟದ್ದು. ಗೆಡ್ಡೆ ಹಿಂದಿನ ಸಲಕ್ಕಿಂತ ಸ್ವಲ್ಪ ದೊಡ್ಡದಾಗಿದೆ ಎಂಬ ಒಂದು ಸಾಲು ಸಾಕು, ಮನೆಯವರ ಕೈಕಾಲು ತಣ್ಣಗಾಗಲು. ವೈದ್ಯರ ಬಳಿ ಇದಕ್ಕೊಂದು ಅಳತೆಗೋಲಿದೆ, ಹೆಸರು ರೆಸಿಸ್ಟ್. 2000ದಲ್ಲಿ ಬಂದು 2009ರಲ್ಲಿ ಪರಿಷ್ಕೃತವಾದದ್ದು. ಆಯ್ದ ಗೆಡ್ಡೆಗಳ ಅಳತೆಯ ಮೊತ್ತ ಮೊದಲಿಗಿಂತ ಶೇ. 30ರಷ್ಟು ಇಳಿದರೆ ಚಿಕಿತ್ಸೆಗೆ ಸ್ಪಂದನೆ. ಅತಿ ಕಡಿಮೆಯಿದ್ದ ಮೊತ್ತಕ್ಕಿಂತ ಶೇ. 20ರಷ್ಟು, ಕನಿಷ್ಠ 5 ಮಿಲಿಮೀಟರ್ ಏರಿದರೆ ಅಥವಾ ಹೊಸ ಗೆಡ್ಡೆ ಕಂಡರೆ ರೋಗದ ಮುಂದುವರಿಕೆ. ನಡುವೆ ಇರುವುದೆಲ್ಲ ‘ಸ್ಟೇಬಲ್’. 50 ಮಿಲಿಮೀಟರ್ ಇದ್ದದ್ದು 56 ಆದರೆ, ಹೊಸದೇನೂ ಕಾಣದಿದ್ದರೆ, ಈ ಲೆಕ್ಕದಲ್ಲಿ ಅದು ಸ್ಟೇಬಲ್. ಇಷ್ಟು ಸಡಿಲು ಏಕೆಂದರೆ, ಒಂದೇ ಗೆಡ್ಡೆಯನ್ನು ಇಬ್ಬರು ರೇಡಿಯಾಲಜಿಸ್ಟರು ಅಳೆದರೆ ಕೆಲವು ಮಿಲಿಮೀಟರ್ ವ್ಯತ್ಯಾಸ ಬಂದೇ ಬರುತ್ತದೆ. ಹರಡಿದ ಕ್ಯಾನ್ಸರಿನಲ್ಲಿ ತಿಂಗಳುಗಟ್ಟಲೆ ಸ್ಟೇಬಲ್ ಆಗಿ ಉಳಿಯುವುದು ಒಳ್ಳೆಯ ಸುದ್ದಿ. ಮನೆಯವರು ಅದನ್ನು ‘ಏನೂ ಕಮ್ಮಿ ಆಗಿಲ್ವಂತೆ’ ಎಂದು ಹೇಳಿಕೊಂಡು ಅಳುವುದು ಮಾತ್ರ ತಪ್ಪುತ್ತಿಲ್ಲ.

ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಇಮ್ಯುನೊಥೆರಪಿಯಲ್ಲಿ ಆ ಕಣಗಳೇ ಗೆಡ್ಡೆಯೊಳಕ್ಕೆ ನುಗ್ಗುವುದರಿಂದ ಅದು ಮೊದಲು ಉಬ್ಬಿ ಆಮೇಲೆ ಕರಗುವುದುಂಟು. 2017ರಲ್ಲಿ ಪ್ರಕಟವಾದ ಮಾರ್ಗಸೂಚಿ ಇಂಥಲ್ಲಿ, ರೋಗಿಯ ಸ್ಥಿತಿ ಚೆನ್ನಾಗಿದ್ದರೆ, ನಾಲ್ಕರಿಂದ ಎಂಟು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ಎನ್ನುತ್ತದೆ. ಆದರೆ ಹೀಗೆ ಉಬ್ಬಿ ಕರಗುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ ಜನರಲ್ಲಿ. ದೊಡ್ಡದಾಗಿ ಕಂಡ ಗೆಡ್ಡೆ ಹೆಚ್ಚಿನ ಸಲ ನಿಜವಾಗಿಯೂ ದೊಡ್ಡದಾಗಿರುತ್ತದೆ. ಸುಳ್ಳು ಸಮಾಧಾನ ಬೇಡ.

ಹಾಗಾದರೆ ನಿಜವಾಗಿಯೇ ಕೆಟ್ಟ ಫಲಿತಾಂಶ ಬಂದರೆ? ಹಾಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿನ ಉದಾಹರಣೆ ನೋಡಿ. ರೋಗ ಮುಂದುವರಿದ ಹಂತದಲ್ಲಿದ್ದವರಿಗೆ ಎರಡು ಸೈಕಲ್ ಕೀಮೋ ಕೊಟ್ಟು ಪೆಟ್ ಸ್ಕ್ಯಾನ್ ಮಾಡಿ, ಅದರ ಮೇಲೆ ಮುಂದಿನ ದಾರಿ ನಿರ್ಧರಿಸಿದ ರಾಥಲ್ ಎಂಬ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸ್ಕ್ಯಾನ್ ಚೆನ್ನಾಗಿ ಬಂದವರಿಗೆ ಶ್ವಾಸಕೋಶಕ್ಕೆ ಹಾನಿ ಮಾಡುವ ಒಂದು ಔಷಧಿಯನ್ನು ಬಿಡಲಾಯಿತು. ಕೆಟ್ಟದಾಗಿ ಬಂದವರನ್ನು ಇನ್ನೂ ಬಲವಾದ ಕೀಮೋಗೆ ಬದಲಾಯಿಸಿದರು. ಹೀಗೆ ಬದಲಾಯಿಸಿಕೊಂಡವರಲ್ಲಿ ಮೂರು ವರ್ಷಗಳ ನಂತರ ಶೇ. 67ರಷ್ಟು ಮಂದಿಯಲ್ಲಿ ರೋಗ ಮುಂದುವರಿದಿರಲಿಲ್ಲ. ಅವರನ್ನು ಉಳಿಸಿದ್ದರಲ್ಲಿ ಆ ಕೆಟ್ಟ ಸ್ಕ್ಯಾನ್‌ನ ಪಾಲೂ ಇದೆ. ನಡುವಿನ ಪರೀಕ್ಷೆಯ ಉದ್ದೇಶವೇ ಅದು: ಕೆಲಸ ಮಾಡದ ಔಷಧಿಯನ್ನು ಬೇಗ ಬಿಡುವುದು. ಎಲ್ಲ ಕ್ಯಾನ್ಸರಿಗೂ ಇಷ್ಟು ಒಳ್ಳೆಯ ಎರಡನೇ ದಾರಿ ಇಲ್ಲ, ನಿಜ.

ಹಾಗೆಂದು ಪದೇಪದೇ ಪರೀಕ್ಷೆ ಮಾಡಿಸುತ್ತಿದ್ದರೆ ಲಾಭವೇ ಎಂದರೆ, ಅದೂ ಅಲ್ಲ. ಅಂಡಾಶಯದ ಕ್ಯಾನ್ಸರಿನ ಚಿಕಿತ್ಸೆ ಮುಗಿದು ರೋಗ ತಗ್ಗಿದ ಮಹಿಳೆಯರ ಮೇಲೆ ಗಾರ್ಡನ್ ರಸ್ಟಿನ್ ನೇತೃತ್ವದ ಅಧ್ಯಯನವೊಂದು 2010ರಲ್ಲಿ ಹೊರಬಂತು. ಸಿಎ-125 ಏರಿದ ಕೂಡಲೇ ಕೀಮೋ ಶುರು ಮಾಡಿದವರು, ಲಕ್ಷಣಗಳು ಕಾಣಿಸಿದ ಮೇಲೆ ಶುರು ಮಾಡಿದವರಿಗಿಂತ ಸುಮಾರು ಐದು ತಿಂಗಳು ಮೊದಲೇ ಔಷಧಿ ಪಡೆದರು. ಬದುಕಿದ ಅವಧಿಯಲ್ಲಿ ವ್ಯತ್ಯಾಸವಾಗಲಿಲ್ಲ, ಕೀಮೋದ ಕಷ್ಟ ಮಾತ್ರ ಮೊದಲೇ ಬಂತು. ಆಮೇಲೆ ಹೊಸ ಔಷಧಿಗಳು ಬಂದಿರುವುದರಿಂದ ಈ ತೀರ್ಮಾನ ಇಂದು ಎಲ್ಲರಿಗೂ ಹೊಂದಲಿಕ್ಕಿಲ್ಲ. ಆದರೂ ಡಾಕ್ಟರು ಮೂರು ತಿಂಗಳಿಗೆ ಎಂದಿದ್ದನ್ನು ಸಮಾಧಾನಕ್ಕೆಂದು ಪ್ರತಿ ತಿಂಗಳು ಮಾಡಿಸುವವರು ಇದನ್ನು ನೆನಪಿಡಬೇಕು. ಆ ಸಮಾಧಾನ ಮುಂದಿನ ರಿಪೋರ್ಟಿನವರೆಗೆ ಮಾತ್ರ.

ಕೆಟ್ಟ ರಿಪೋರ್ಟ್ ಬಂದ ಮನೆಗೆ ಬರುವವರೆಲ್ಲ ‘ಧೈರ್ಯವಾಗಿರಿ, ಮನಸ್ಸು ಗಟ್ಟಿ ಮಾಡ್ಕೊಳ್ಳಿ, ಅರ್ಧ ಕಾಯಿಲೆ ಅದರಿಂದಲೇ ವಾಸಿ’ ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ. ಆದರೆ ಈ ಮಾತಿನ ಇನ್ನೊಂದು ಮೊನೆ ರೋಗಿಗೆ ಚುಚ್ಚುತ್ತದೆ: ಅಂಕಿ ಏರಿದ್ದು ನಾನು ಧೈರ್ಯಗೆಟ್ಟಿದ್ದಕ್ಕೇ ಇರಬೇಕು. ಬ್ರಿಟಿಷ್ ಮೆಡಿಕಲ್ ಜರ್ನಲ್ 2002ರಲ್ಲಿ ಪ್ರಕಟಿಸಿದ ಸಮೀಕ್ಷೆ ಈ ನಂಬಿಕೆಯನ್ನೇ ಪರಿಶೀಲಿಸಿತು. ಮನೋಭಾವಕ್ಕೂ ಆಯುಸ್ಸಿಗೂ ಇರುವ ಸಂಬಂಧ ಹುಡುಕಿದ 26 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಹೋರಾಟದ ಛಲದಿಂದ ಆಯುಸ್ಸು ಹೆಚ್ಚುತ್ತದೆ ಅಥವಾ ಹತಾಶೆಯಿಂದ ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಅತ್ತರೆ ಗೆಡ್ಡೆ ಬೆಳೆಯುವುದಿಲ್ಲ. ಅಳಬೇಕೆನಿಸಿದರೆ ಅಳಲಿ, ಸುಮ್ಮನೆ ಪಕ್ಕದಲ್ಲಿ ಕೂತಿರಿ.

ಅದೇ ವಾರದಲ್ಲಿ ಯಾರೋ ಹೇಳಿದ ನಾಟಿ ಔಷಧಿಯ ವಿಳಾಸವೂ ಬರುತ್ತದೆ. ಆಗುತ್ತಿರುವ ಚಿಕಿತ್ಸೆಯನ್ನು ಬಿಟ್ಟು ಹೋಗುವ ನಿರ್ಧಾರವನ್ನು ಆ ವಾರದಲ್ಲಂತೂ ತೆಗೆದುಕೊಳ್ಳಬೇಡಿ. ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್‌ಗೆ ಬರೆದುಕೊಟ್ಟರೆ ‘ಕೈಬಿಟ್ಟರು’ ಎಂದುಕೊಳ್ಳುವುದೂ ಬೇಡ. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿನಿಂದಲೇ ಈ ಆರೈಕೆಯನ್ನೂ ಪಡೆದವರಲ್ಲಿ ಖಿನ್ನತೆ ಕಡಿಮೆಯಿತ್ತು. ಅವರು ಉಳಿದವರಿಗಿಂತ ಎರಡು ತಿಂಗಳಿಗೂ ಹೆಚ್ಚು ಕಾಲ ಬದುಕಿದ್ದೂ ಕಂಡುಬಂತು. ಬೆಂಗಳೂರಿನ ಕರುಣಾಶ್ರಯ ಇಂಥ ಆರೈಕೆಯನ್ನು ಉಚಿತವಾಗಿ ಕೊಡುತ್ತಿದೆ.

ಮುಂದಿನ ಭೇಟಿಗೆ ಹೋಗುವಾಗ ಹಳೆಯ ರಿಪೋರ್ಟುಗಳನ್ನೂ ಸ್ಕ್ಯಾನ್‌ನ ಸಿಡಿಯನ್ನೂ ದಿನಾಂಕದ ಪ್ರಕಾರ ಜೋಡಿಸಿ ಒಯ್ಯಿರಿ. ಹಳೆಯದಿಲ್ಲದೆ ಹೊಸದನ್ನು ಹೋಲಿಸುವುದು ಯಾರಿಗೂ ಆಗದು. ಜೊತೆಗೊಬ್ಬರಿರಲಿ, ಆತಂಕದಲ್ಲಿ ಕಿವಿಗೆ ಬಿದ್ದದ್ದು ಅರ್ಧ ಮರೆತುಹೋಗುತ್ತದೆ. ‘ಎಷ್ಟು ದಿನ ಉಳಿದಿದೆ’ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ‘ಈ ರಿಪೋರ್ಟಿನಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ, ಯಾವಾಗ ಮತ್ತೆ ನೋಡುತ್ತೀರಿ?’ ಎಂಬುದು. ಎರಡು ವಾರವಾದರೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದಕ್ಕೂ ಚಿಕಿತ್ಸೆಯಿದೆ. ಡಾಕ್ಟರ ಭೇಟಿಗೆ ಕಾಯಲಾಗದ ರಾತ್ರಿಗೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.