ದಿವೆ ಘಾಟಿಯಿಂದ ಜೋಜಿಲಾವರೆಗೆ: ಸೇನಾ ವಾಹನಕ್ಕೆ ಹೈಬ್ರಿಡ್ ಏಕೆ ಬೇಕು?

ಪುಣೆಯಿಂದ ಜೇಜುರಿಗೆ ಬರಲು ಹಡಪ್ಸರ್ ದಾಟಿ ದಿವೆ ಘಾಟಿ ಹತ್ತಬೇಕು. ಸಂಜೆ ಕೆಲಸ ಮುಗಿಸಿ ವಾಪಸಾಗುವಾಗ ಅದೇ ಘಾಟಿಯಲ್ಲಿ ಲೋಡ್ ತುಂಬಿದ ಲಾರಿಗಳು ಬ್ರೇಕ್ ಒತ್ತಿಕೊಂಡೇ ಇಳಿಯುತ್ತಿರುತ್ತವೆ. ಲೈನರ್ ಕಾದ ವಾಸನೆ ನಮ್ಮ ಬಸ್ಸಿನೊಳಗೂ ಬರುತ್ತದೆ. ಹತ್ತುವಾಗ ಡೀಸೆಲ್ ಸುಟ್ಟು ಗಳಿಸಿದ ಶಕ್ತಿಯೆಲ್ಲ ಇಳಿಯುವಾಗ ಬಿಸಿಯಾಗಿ ಗಾಳಿ ಪಾಲು. ಅದರಲ್ಲಿ ಒಂದಿಷ್ಟನ್ನಾದರೂ ಬ್ಯಾಟರಿಗೆ ತುಂಬಿಸಿ ಮುಂದಿನ ಏರಿಗೆ ಬಳಸಿಕೊಳ್ಳುವುದು ಹೈಬ್ರಿಡ್ ತಂತ್ರಜ್ಞಾನದ ಒಂದು ಲಾಭ.

ಜೇಜುರಿ ಎಂದರೆ ಖಂಡೋಬಾ, ಅಂದರೆ ನಮ್ಮ ಮೈಲಾರಲಿಂಗ. ಭಂಡಾರ ಹಾರಿಸಲು ಕರ್ನಾಟಕದಿಂದಲೂ ಭಕ್ತರು ಬರುತ್ತಾರೆ. ಇದೇ ಊರಿನಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶವೂ ಇದೆ. ಪುಣೆಯ ಸುತ್ತಮುತ್ತ ಗೇರು, ಶಾಫ್ಟು ಮಾಡಿ ಬದುಕುವ ನಮ್ಮಂಥವರಿಗೆ ಸೇನೆ ದೂರದ ವಿಷಯವಲ್ಲ. ಪಾಷಾಣದಲ್ಲಿ ಡಿಆರ್‌ಡಿಒದ ಶಸ್ತ್ರಾಸ್ತ್ರ ಪ್ರಯೋಗಾಲಯವಿದೆ, ಅಹಿಲ್ಯಾನಗರದಲ್ಲಿ ವಾಹನ ಪ್ರಯೋಗಾಲಯವಿದೆ. ಪುಣೆಯ ಭಾರತ್ ಫೋರ್ಜ್ ಸಮೂಹ ‘ಕಲ್ಯಾಣಿ ಎಂ4’ ಕವಚ ವಾಹನವನ್ನು ಸೇನೆಗೆ ಕೊಟ್ಟಿದೆ. ಹಾಗಾಗಿ ಸೇನಾ ವಾಹನದ ಗೇರ್‌ಬಾಕ್ಸ್ ಬದಲಾದರೆ ಅದರ ಬಿಸಿ ಮೊದಲು ತಟ್ಟುವುದು ಇಂಥ ಕಡೆಗಳಿಗೇ.

ಈ ತಂತ್ರಜ್ಞಾನದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಎಂಜಿನ್ ಮತ್ತು ಮೋಟಾರು ಎರಡೂ ಸೇರಿ ಚಕ್ರ ತಿರುಗಿಸುತ್ತವೆ. ಇನ್ನೊಂದರಲ್ಲಿ ಎಂಜಿನ್ ಜನರೇಟರನ್ನಷ್ಟೇ ತಿರುಗಿಸುತ್ತದೆ, ಚಕ್ರದ ಕೆಲಸ ಮೋಟಾರಿನದು. ಹುಬ್ಬಳ್ಳಿಯ ಶೆಡ್ಡಿನಲ್ಲಿ ನಿಲ್ಲುವ ಡೀಸೆಲ್ ರೈಲು ಎಂಜಿನ್ ಹೀಗೇ ಓಡುತ್ತದೆ. ಮೈಸೂರಿನ ಬೆಮೆಲ್ ಕಾರ್ಖಾನೆಯ 205 ಟನ್ ಹೊರುವ ಗಣಿ ಡಂಪರ್ ಕೂಡ ಇದೇ ಜಾತಿಯದು. ಇದಕ್ಕೆ ದೊಡ್ಡ ಬ್ಯಾಟರಿ ಸೇರಿಸಿದರೆ ಹೈಬ್ರಿಡ್.

ಸೇನೆಗೆ ಇದು ಬೇಕಾಗಿರುವುದು ಹಣ ಉಳಿಸಲು ಮಾತ್ರವಲ್ಲ. ಯುದ್ಧಭೂಮಿಯಲ್ಲಿ ಡೀಸೆಲ್ಲಿನ ಬೆಲೆಯನ್ನು ರೂಪಾಯಿಯಲ್ಲಿ ಲೆಕ್ಕ ಹಾಕಲಾಗದು. ಅಮೆರಿಕದ ಸೇನೆಯ 2009ರ ಅಧ್ಯಯನವೊಂದರ ಪ್ರಕಾರ, 2007ರಲ್ಲಿ ಆಫ್ಘಾನಿಸ್ತಾನದಲ್ಲಿ ಸರಾಸರಿ 24 ಇಂಧನ ಸಾಗಣೆಗಳಿಗೆ ಒಬ್ಬರಂತೆ ಜನ ಸತ್ತರು ಇಲ್ಲವೇ ಗಾಯಗೊಂಡರು. ನಮ್ಮಲ್ಲಿ ಲಡಾಖ್‌ಗೆ ಹೋಗುವ ಟ್ಯಾಂಕರುಗಳು 3,500 ಮೀಟರಿಗಿಂತ ಎತ್ತರದ ಜೋಜಿಲಾ ದಾಟಬೇಕು. ಅಲ್ಲಿ ಶತ್ರುವಿಗಿಂತ ಮೊದಲು ಹಿಮಪಾತ, ಭೂಕುಸಿತ ಎದುರಾಗುತ್ತವೆ. ಮುಂಚೂಣಿಯಲ್ಲಿ ಉಳಿಯುವ ಪ್ರತಿ ಲೀಟರ್ ಕೂಡ ಒಬ್ಬ ಚಾಲಕನ ಅಪಾಯವನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡುತ್ತದೆ.

ಎರಡನೆಯ ಕಾರಣ ಸದ್ದು. ರಾತ್ರಿ ಕಾವಲು ನಿಂತ ವಾಹನದ ರೇಡಿಯೊ, ಥರ್ಮಲ್ ಕ್ಯಾಮೆರಾ ನಡೆಯಬೇಕಾದರೆ ಆಗಾಗ ಎಂಜಿನ್ ಹಚ್ಚಬೇಕು. ಅದರ ಸದ್ದು ಮತ್ತು ಶಾಖ ಎರಡೂ ವಾಹನ ಇರುವ ಜಾಗವನ್ನು ಬಿಟ್ಟುಕೊಡುತ್ತವೆ. ದೊಡ್ಡ ಬ್ಯಾಟರಿಯಿದ್ದರೆ ಗಂಟೆಗಟ್ಟಲೆ ಮೌನವಾಗಿರಬಹುದು, ಸ್ವಲ್ಪ ದೂರ ಸದ್ದಿಲ್ಲದೆ ಸರಿಯಲೂಬಹುದು. ಅಮೆರಿಕದ ಆಶ್‌ಕಾಶ್ ಕಂಪನಿ 2022ರಲ್ಲಿ ತೋರಿಸಿದ ಹೈಬ್ರಿಡ್ ಜೆಎಲ್‌ಟಿವಿಯ ಹೆಗ್ಗಳಿಕೆಯೂ ಇದೇ. ಅದೇ ವರ್ಷ ಜನರಲ್ ಡೈನಾಮಿಕ್ಸ್ ಕಂಪನಿ ತನ್ನ ಪ್ರಾಯೋಗಿಕ ಟ್ಯಾಂಕ್ ಅಬ್ರಾಮ್ಸ್‌ಎಕ್ಸ್ ಅರ್ಧದಷ್ಟು ಇಂಧನ ಉಳಿಸುತ್ತದೆ ಎಂದಿತು.

ಕಲ್ಪನೆ ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ಫರ್ಡಿನಾಂಡ್ ಪೋರ್ಶೆ, ಪೆಟ್ರೋಲ್ ಎಂಜಿನ್ನಿನಿಂದ ವಿದ್ಯುತ್ ತಯಾರಿಸಿ ಮೋಟಾರಿನಿಂದ ಓಡುವ ಟ್ಯಾಂಕ್ ವಿನ್ಯಾಸ ಮಾಡಿದ್ದರು. ಆ ಚಾಸಿಗಳ ಮೇಲೆ ಕಟ್ಟಿದ ಸುಮಾರು 90 ಟ್ಯಾಂಕ್ ನಾಶಕಗಳು 1943ರಲ್ಲಿ ಕುರ್ಸ್ಕ್ ಕದನಕ್ಕೆ ಇಳಿದವು. ಭಾರ 65 ಟನ್. ಎಂಜಿನ್ ಬಿಸಿಯಾಗುತ್ತಿತ್ತು, ಮೋಟಾರಿಗೆ ಬೇಕಾದ ತಾಮ್ರ ಜರ್ಮನಿಯಲ್ಲಿ ಸಾಕಷ್ಟು ಇರಲಿಲ್ಲ. ಕೈಯಲ್ಲಿ ಇಲ್ಲದ ಲೋಹವನ್ನು ನಂಬಿ ಸೇನಾ ವಾಹನ ಕಟ್ಟಬಾರದು ಎಂಬ ಪಾಠ ಅಲ್ಲಿದೆ.

ಇಂದು ತಾಮ್ರದ ಜಾಗದಲ್ಲಿ ಅಯಸ್ಕಾಂತ ನಿಂತಿದೆ. ಚಿಕ್ಕ ಗಾತ್ರದಲ್ಲಿ ಹೆಚ್ಚು ಬಲ ಕೊಡುವ ಮೋಟಾರಿಗೆ ನಿಯೋಡಿಮಿಯಂ, ಡಿಸ್ಪ್ರೋಸಿಯಂ ಮುಂತಾದ ವಿರಳ ಲೋಹಗಳ ಅಯಸ್ಕಾಂತ ಬೇಕು. 2025ರ ಏಪ್ರಿಲ್‌ನಲ್ಲಿ ಚೀನಾ ಇಂಥ ಕೆಲವು ಲೋಹಗಳ ಮತ್ತು ಅಯಸ್ಕಾಂತಗಳ ರಫ್ತಿಗೆ ಲಗಾಮು ಹಾಕಿದಾಗ ನಮ್ಮ ವಾಹನ ಕಾರ್ಖಾನೆಗಳೂ ಚಡಪಡಿಸಿದವು. ಲಡಾಖ್‌ನಲ್ಲಿ ಯಾರ ಎದುರು ನಿಂತಿದ್ದೇವೋ ಅವರ ಅಯಸ್ಕಾಂತ ನಂಬಿ ವಾಹನ ಓಡಿಸಲಾದೀತೇ? ಅಯಸ್ಕಾಂತ ಬೇಡದ ಇಂಡಕ್ಷನ್ ಮೋಟಾರುಗಳಿವೆ. ಅಷ್ಟೇ ಬಲಕ್ಕೆ ತುಸು ಹೆಚ್ಚು ಭಾರ ಹೊರಬೇಕು, ಅಷ್ಟೇ.

ಬ್ಯಾಟರಿಗೂ ತನ್ನದೇ ತೊಡಕುಗಳಿವೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಹಾಗೇ ಚಾರ್ಜ್ ಮಾಡಿದರೆ ಅದು ಕೆಡುತ್ತದೆ, ಮೊದಲು ಬೆಚ್ಚಗಾಗಿಸಬೇಕು. ಗುಂಡು ತಗುಲಿದರೆ ಬೆಂಕಿಯ ಭಯ. ಗಾಳಿ ತೆಳುವಾದ ಎತ್ತರದಲ್ಲಿ ಎಂಜಿನ್ ಸೊರಗುತ್ತದೆ. ಬ್ಯಾಟರಿ ಅದಕ್ಕೆ ಹೆಗಲು ಕೊಡಬಹುದು, ಆದರೆ ಕೊನೆಗೆ ಅದನ್ನು ತುಂಬಿಸಬೇಕಾದದ್ದೂ ಅದೇ ಎಂಜಿನ್. ಪೂರ್ತಿ ವಿದ್ಯುತ್ ವಾಹನವಂತೂ ಚಾರ್ಜಿಂಗ್ ಇಲ್ಲದ ಗಡಿಗೆ ಸದ್ಯಕ್ಕೆ ಒಗ್ಗದು. ಭಾರತೀಯ ಸೇನೆ 2022ರಲ್ಲಿ ವಿದ್ಯುತ್ ವಾಹನಗಳ ಯೋಜನೆ ಪ್ರಕಟಿಸಿದಾಗ ಅದನ್ನು ಶಾಂತಿ ನೆಲೆಗಳ ಆಯ್ದ ಘಟಕಗಳಿಗೆ ಸೀಮಿತಗೊಳಿಸಿದ್ದು ಸರಿಯಾಗಿಯೇ ಇತ್ತು. ಗಡಿಗೆ ಹೈಬ್ರಿಡ್ಡೇ ನಡುದಾರಿ.

ಇನ್ನು ನಮ್ಮ ಮನೆಯ ಮಾತು. ಮೋಟಾರು ಬಂದಲ್ಲಿ ಹಲವು ಗೇರುಗಳು ಹೋಗುತ್ತವೆ. ಜೇಜುರಿಯಲ್ಲೂ ಬೆಳಗಾವಿಯ ಫೌಂಡ್ರಿ, ಮಷಿನ್ ಶಾಪ್‌ಗಳಲ್ಲೂ ಆ ಗೇರುಗಳನ್ನೇ ನಂಬಿದ ಕೈಗಳಿವೆ. ಆದರೆ ಮೋಟಾರಿಗೂ ಶಾಫ್ಟ್ ಬೇಕು, ಹೌಸಿಂಗ್ ಬೇಕು, ವೇಗ ತಗ್ಗಿಸುವ ಗೇರು ಬೇಕು. ಅದೂ ಇನ್ನಷ್ಟು ನುಣುಪಾಗಿ, ಸದ್ದಿಲ್ಲದಂತೆ. ಎಂಜಿನ್ನಿನ ಅಬ್ಬರದಲ್ಲಿ ಮುಚ್ಚಿಹೋಗುತ್ತಿದ್ದ ಗೇರಿನ ಕಿರುಗುಟ್ಟುವಿಕೆ ಮೋಟಾರಿನ ಮೌನದಲ್ಲಿ ಎದ್ದು ಕೇಳುತ್ತದೆ. ಸದ್ದಿಲ್ಲದೆ ಸರಿಯಬೇಕಾದ ಸೈನಿಕನ ವಾಹನದಲ್ಲಿ ಹಲ್ಲು ಒರಟಾಗಿದ್ದರೆ ಅದಕ್ಕೆ ಬೆಲೆ ತೆರುವವನು ಅವನು. ಆ ನುಣುಪನ್ನು ಕಲಿಯಲು ಐಟಿಐಗಳು, ಸಣ್ಣ ಕಾರ್ಖಾನೆಗಳು ಆರ್ಡರ್ ಬರುವ ತನಕ ಕಾಯುತ್ತ ಕೂರಬಾರದು.