‘ಗಟ್ಟಿ’ ಎಂಬ ಒಂದೇ ಮಾತು ಸಾಲದು: ವಸ್ತು ಮತ್ತು ವ್ಯವಸ್ಥೆಗಳ ಪರಿಭಾಷೆ

ಕನ್ನಡದ ಆಡುಮಾತಿನಲ್ಲಿ ಗಾಜೂ ಗಟ್ಟಿ, ಹಗ್ಗವೂ ಗಟ್ಟಿ, ಕಬ್ಬಿಣವೂ ಗಟ್ಟಿ, ತೇಗದ ಮರವೂ ಗಟ್ಟಿ. ದಿನಬಳಕೆಗೆ ಈ ಒಂದು ಮಾತು ಸಾಕಾಗುತ್ತದೆಯಾದರೂ ಒಂದು ವಸ್ತುವನ್ನು ತಯಾರಿಸಲು ಹೊರಟವರಿಗೆ ಅದು ಸಾಲುವುದಿಲ್ಲ. ಸುಲಭವಾಗಿ ಗೀರು ಬೀಳದ ಗಾಜು ಕೈಜಾರಿ ಬಿದ್ದರೆ ಚೂರಾಗುತ್ತದೆ. ತುಂಬಿದ ಕೊಡವನ್ನು ಬಾವಿಯಿಂದ ಮೇಲೆಳೆಯುವ ಹಗ್ಗ ಅದೇ ಕೊಡವನ್ನು ಕಂಬದಂತೆ ಹೊತ್ತು ನಿಲ್ಲಲಾರದು. ನೂರಾರು ಮನುಷ್ಯರ ಭಾರವನ್ನು ಹೊರುವ ಕಲ್ಲಿನ ಕಂಬವನ್ನೇ ಅಡ್ಡ ಮಲಗಿಸಿ ತೊಲೆಯಾಗಿಸಿದರೆ ಅದು ನಡುವೆ ಬಿರುಕು ಬಿಡಬಹುದು. ಒಂದೊಂದರ ಗಟ್ಟಿತನವೂ ಬೇರೆ ಬಗೆಯದು. ಈ ಬಗೆಗಳನ್ನು ಬೇರ್ಪಡಿಸಿ ಒಂದೊಂದಕ್ಕೂ ಒಂದು ಹೆಸರು ಕೊಡುವುದರಿಂದಲೇ ವಿನ್ಯಾಸ ಮತ್ತು ತಂತ್ರಜ್ಞಾನ ಎಂಬ ಶಾಲಾ ವಿಷಯದ ಪರಿಭಾಷೆ ಆರಂಭವಾಗುತ್ತದೆ.

ಬಡಗಿ ಕೆಲಸ, ಲೋಹದ ಕೆಲಸ, ಹೊಲಿಗೆ, ಅಡುಗೆ ಎಂದು ಬಿಡಿಬಿಡಿಯಾಗಿ ಕಲಿಸುತ್ತಿದ್ದ ಕೌಶಲಗಳನ್ನು ಒಂದೇ ಸೂರಿನಡಿ ತಂದು, 1988ರ ಶಿಕ್ಷಣ ಸುಧಾರಣಾ ಕಾಯ್ದೆಯ ಬೆನ್ನಿಗೆ ರೂಪುಗೊಂಡ ರಾಷ್ಟ್ರೀಯ ಪಠ್ಯಕ್ರಮದಲ್ಲಿ, 1990ರಿಂದ ಇಂಗ್ಲೆಂಡ್ ಮತ್ತು ವೇಲ್ಸ್ ಶಾಲೆಗಳು ಈ ವಿಷಯವನ್ನು ಕಲಿಸತೊಡಗಿದವು. ಈ ವಿಷಯಕ್ಕೆ ಎರಡು ಕಂಬಗಳಿವೆ: ಒಂದು, ಯಾವುದರಿಂದ ಮಾಡುವುದು ಎಂಬ ‘ವಸ್ತು’ವಿನ ತಿಳಿವಳಿಕೆ, ಇನ್ನೊಂದು, ಮಾಡಿದ್ದು ಹೇಗೆ ಕೆಲಸ ಮಾಡುತ್ತದೆ ಎಂಬ ‘ವ್ಯವಸ್ಥೆ’ಯ ತಿಳಿವಳಿಕೆ.

ಗುಣಗಳಿಗೆ ಹೆಸರು

ವಸ್ತುವಿನ ಮೇಲೆ ಒತ್ತಾಯ ಬಿದ್ದಾಗ ಅದು ಹೇಗೆ ವರ್ತಿಸುತ್ತದೆ ಎಂಬುದನ್ನು ತಿಳಿಸುವ ಆರು ಗುಣಗಳನ್ನು ಶಾಲಾ ಹಂತದಲ್ಲಿ ಮುಖ್ಯವೆಂದು ಎಣಿಸಲಾಗುತ್ತದೆ. ಮೊದಲನೆಯದು ಬಲ, ಅಂದರೆ ಹೊರಗಿನಿಂದ ಬಿದ್ದ ಒತ್ತಾಯಕ್ಕೆ ಮುರಿಯದೆ ನಿಲ್ಲುವ ಶಕ್ತಿ. ಎಳೆತ, ಒತ್ತಡ, ಬಾಗು, ತಿರುಚು, ಕತ್ತರಿಸು ಎಂದು ಒತ್ತಾಯವೇ ಹಲವು ತೆರನಾಗಿರುವುದರಿಂದ, ‘ಬಲವಾದ ವಸ್ತು’ ಎಂದಷ್ಟೇ ಹೇಳಿದರೆ ಅರ್ಥ ಪೂರ್ಣವಾಗುವುದಿಲ್ಲ. ಹಂಪಿಯ ಮಂಟಪಗಳು ಈ ಮಾತನ್ನು ಕಲ್ಲಿನಲ್ಲೇ ತೋರಿಸುತ್ತವೆ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ತೊಲೆ ಬಾಗಿದಾಗ ಅದರ ಕೆಳಮೈ ಎಳೆತಕ್ಕೆ ಸಿಕ್ಕುತ್ತದೆಯಾದ್ದರಿಂದ ಕಲ್ಲಿನ ತೊಲೆಗಳನ್ನು ಬಹಳ ಉದ್ದಕ್ಕೆ ಹಾಯಿಸುವಂತಿಲ್ಲ. ಆದುದರಿಂದಲೇ ಅಲ್ಲಿ ಕಂಬಗಳು ಒತ್ತೊತ್ತಾಗಿ ನಿಂತಿವೆ, ಮತ್ತು ಕಂಬದ ತಲೆಯ ಮೇಲೆ ಎರಡೂ ಬದಿಗೆ ಚಾಚಿಕೊಂಡ ಬೋದಿಗೆಗಳು ತೊಲೆಯ ಆಧಾರವಿಲ್ಲದ ಭಾಗವನ್ನು ಇನ್ನಷ್ಟು ಕಿರಿದಾಗಿಸುತ್ತವೆ. ನೋಡುವವರ ಕಣ್ಣಿಗೆ ಅಲಂಕಾರವಾಗಿ ಕಾಣುವ ಬೋದಿಗೆ ಕಟ್ಟಿದವರ ಲೆಕ್ಕದಲ್ಲಿ ಕಲ್ಲಿನ ಒಂದು ದೌರ್ಬಲ್ಯಕ್ಕೆ ಕಂಡುಕೊಂಡ ಪರಿಹಾರವೂ ಆಗಿದೆ.

ಎರಡನೆಯ ಗುಣ ಗಡಸುತನ. ಇದು ಗೀರು, ಸವೆತ ಮತ್ತು ತಗ್ಗು ಬೀಳುವುದನ್ನು ತಡೆಯುವ ಗುಣ. ಮೂರನೆಯದಾದ ತಾಳಿಕೆ ಹಠಾತ್ ಪೆಟ್ಟನ್ನು ಮುರಿಯದೆ ಹೀರಿಕೊಳ್ಳುವ ಗುಣವಾಗಿದ್ದು, ಅದಿಲ್ಲದ ವಸ್ತುವನ್ನು ಪೆಡಸು ಎನ್ನುತ್ತಾರೆ. ಬಡಿದರೆ ತಗಡಾಗುವ ಗುಣ ಕುಟ್ಯತೆ; ಎಳೆದರೆ ತಂತಿಯಾಗುವ ಗುಣ ತನ್ಯತೆ. ಮೈಸೂರು ಶೈಲಿಯ ಚಿತ್ರಗಳ ಮೇಲೆ ಹೊಳೆಯುವ ಚಿನ್ನದ ರೇಕು ಮೊದಲನೆಯದಕ್ಕೆ, ಮನೆಯ ಗೋಡೆಯೊಳಗೆ ಹರಿದಿರುವ ತಾಮ್ರದ ತಂತಿ ಎರಡನೆಯದಕ್ಕೆ ಉದಾಹರಣೆ. ಬಾಗಿಸಿ ಅಥವಾ ಎಳೆದು ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಮರಳುವ ಗುಣವೇ ಸ್ಥಿತಿಸ್ಥಾಪಕತ್ವ.

ಗಡಸುತನವೂ ತಾಳಿಕೆಯೂ ಒಂದೇ ಅಲ್ಲ, ಬಹುಮಟ್ಟಿಗೆ ಒಂದು ಹೆಚ್ಚಿದರೆ ಇನ್ನೊಂದು ತಗ್ಗುತ್ತದೆ ಎಂಬುದನ್ನು ಕಮ್ಮಾರನ ಕುಲುಮೆ ಎಲ್ಲ ಪುಸ್ತಕಗಳಿಗಿಂತ ಸ್ಪಷ್ಟವಾಗಿ ತಿಳಿಸುತ್ತದೆ. ಕುಡುಗೋಲಿನ ಉಕ್ಕನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದಾಗ ಅದು ಬಹಳ ಗಡಸಾಗುತ್ತದೆಯಾದರೂ ಜೊತೆಗೇ ಪೆಡಸೂ ಆಗುವುದರಿಂದ, ಕಲ್ಲಿಗೆ ತಾಗಿದರೆ ಬಾಯಿ ಹಾರಿಹೋಗುವ ಭಯವಿರುತ್ತದೆ. ಅದನ್ನು ಮತ್ತೆ ಮೆಲ್ಲಗೆ, ಕೆಂಪಗಾಗದಷ್ಟು ಮಾತ್ರ ಬಿಸಿ ಮಾಡಿದಾಗ ಗಡಸುತನ ತುಸು ಇಳಿದು ತಾಳಿಕೆ ಏರುತ್ತದೆ. ಎಷ್ಟು ಬಿಸಿ ಸಾಕು ಎಂಬುದನ್ನು ಉಕ್ಕಿನ ಮೈಮೇಲೆ ಮೂಡುವ ತಿಳಿಹಳದಿ, ಕಂದು, ನೀಲಿ ಬಣ್ಣಗಳಿಂದಲೇ ಗುರುತಿಸಬಹುದು. ಈ ಕ್ರಿಯೆಗೆ ಕನ್ನಡದಲ್ಲಿರುವ ‘ಹದ’ ಎಂಬ ಮಾತು ಎರಡು ಗುಣಗಳ ನಡುವಿನ ಸಮತೂಕವನ್ನೇ ಹೇಳುತ್ತದೆ.

ವಸ್ತುಗಳ ಕುಲ

ಕಾಗದ ಮತ್ತು ರಟ್ಟು, ಮರ, ಲೋಹ, ಪಾಲಿಮರ್, ಬಟ್ಟೆ ಎಂದು ವಸ್ತುಗಳನ್ನು ಐದು ಗುಂಪುಗಳಾಗಿ ವಿಂಗಡಿಸುವುದು ವಾಡಿಕೆ. ಇವುಗಳಲ್ಲಿ ಹೆಸರೇ ದಾರಿ ತಪ್ಪಿಸುವ ಗುಂಪು ಮರಗಳದು. ಅಗಲ ಎಲೆಯ ಮರಗಳಿಂದ ಬಂದದ್ದನ್ನು ಗಡಸು ಮರವೆಂದೂ, ಸೂಜಿಯಂತಹ ಎಲೆಗಳಿರುವ ಪೈನ್, ದೇವದಾರುಗಳಂತಹ ಮರಗಳಿಂದ ಬಂದದ್ದನ್ನು ಮೆದು ಮರವೆಂದೂ ಕರೆಯುತ್ತಾರೆಯಾದ್ದರಿಂದ, ಈ ವಿಂಗಡಣೆ ಸಸ್ಯಶಾಸ್ತ್ರದ್ದೇ ಹೊರತು ಮುಟ್ಟಿ ನೋಡಿದ್ದಲ್ಲ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆ ಮರ ಅಗಲ ಎಲೆಯದಾದ ಕಾರಣ ಶಾಸ್ತ್ರದ ಪ್ರಕಾರ ಗಡಸು ಮರವೇ ಆಗಬೇಕು. ಆದರೆ ಅದು ಉಳಿಗೆ ಸುಲಭವಾಗಿ ಬಗ್ಗುವ, ನಯವಾದ ಎಳೆಯ ಮೆದುವಾದ ಮರವಾಗಿರುವುದರಿಂದಲೇ ಬೊಂಬೆ ಕಡೆಯುವವರಿಗೆ ಒಗ್ಗಿದೆ. ತೆಳುವಾದ ಮರದ ಹಾಳೆಗಳನ್ನು ಎಳೆಗಳು ಒಂದಕ್ಕೊಂದು ಅಡ್ಡ ಬರುವಂತೆ ಬೆಸಸಂಖ್ಯೆಯಲ್ಲಿ ಅಂಟಿಸಿದ ಪ್ಲೈವುಡ್, ಮರದ ನಾರನ್ನು ಅಂಟಿನೊಡನೆ ಬಿಸಿಯಲ್ಲಿ ಒತ್ತಿದ ಎಂಡಿಎಫ್ ಹಲಗೆ ಮೊದಲಾದವು ತಯಾರಿಸಿದ ಮರಗಳೆಂಬ ಒಳಗುಂಪಿಗೆ ಸೇರುತ್ತವೆ.

ಲೋಹಗಳಲ್ಲಿ ಕಬ್ಬಿಣವಿರುವವು, ಇಲ್ಲದವು ಎಂಬ ಭೇದ ಮೊದಲನೆಯದು. ಎರಡು ಅಥವಾ ಹೆಚ್ಚು ಧಾತುಗಳನ್ನು ಕರಗಿಸಿ ಬೆರೆಸಿ, ಬಿಡಿಯಾಗಿ ಇಲ್ಲದ ಗುಣವನ್ನು ಪಡೆದದ್ದು ಮಿಶ್ರಲೋಹ. ಕಬ್ಬಿಣಕ್ಕೆ ಶೇ. 2ರ ಒಳಗೆ ಇಂಗಾಲ ಸೇರಿದರೆ ಉಕ್ಕು; ಅದಕ್ಕೂ ಮೀರಿದರೆ ಪೆಡಸಾದ ಬೀಡುಕಬ್ಬಿಣ. ಉಕ್ಕಿಗೆ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಕೂಡಿದಾಗ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಮೂಡಿ ತುಕ್ಕನ್ನು ತಡೆಯುತ್ತದೆ. ಇದೇ ಸ್ಟೇನ್‌ಲೆಸ್ ಸ್ಟೀಲ್. ಬೀದರಿನ ಬಿದ್ರಿ ಕಲೆಯ ಪಾತ್ರೆಗಳು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ, ಕಬ್ಬಿಣವಿಲ್ಲದ ಮಿಶ್ರಲೋಹದವಾಗಿದ್ದು, ಕೋಟೆಯ ಮಣ್ಣು ಸೇರಿದ ದ್ರಾವಣ ಆ ಮಿಶ್ರಲೋಹವನ್ನು ಮಾತ್ರ ಕಪ್ಪಾಗಿಸಿ ಒಳಗೆ ಕೂಡಿಸಿದ ಬೆಳ್ಳಿಯನ್ನು ಹಾಗೆಯೇ ಬಿಡುವುದರಿಂದ ಆ ಕಪ್ಪು-ಬಿಳುಪಿನ ಸೊಬಗು ಹುಟ್ಟುತ್ತದೆ.

ಪಾಲಿಮರ್ ಎಂದರೆ ಚಿಕ್ಕ ಅಣುಗಳು ಸರಪಳಿಯಂತೆ ಹೆಣೆದುಕೊಂಡ ವಸ್ತು. ಬಿಸಿ ಮಾಡಿದಷ್ಟು ಸಲವೂ ಮೆತ್ತಗಾಗಿ ಹೊಸ ಆಕಾರ ಪಡೆಯುವುದು ಥರ್ಮೋಪ್ಲಾಸ್ಟಿಕ್. ಗಟ್ಟಿಯಾಗುವಾಗ ಸರಪಳಿಗಳ ನಡುವೆ ಅಡ್ಡಬೆಸುಗೆಗಳು ಬಿದ್ದು, ಮತ್ತೆಂದೂ ಕರಗದೆ, ಹೆಚ್ಚು ಕಾಯಿಸಿದರೆ ಸುಟ್ಟು ಕರಿಯಾಗುವುದು ಥರ್ಮೋಸೆಟ್. ತೂತು ಬಿದ್ದ ಪ್ಲಾಸ್ಟಿಕ್ ಕೊಡಕ್ಕೆ ಕಾಯಿಸಿದ ಕಬ್ಬಿಣದಿಂದ ತೇಪೆ ಹಾಕಬಹುದು, ಆದರೆ ಒಡೆದ ಸ್ವಿಚ್ಚನ್ನು ಹಾಗೆ ಬೆಸೆಯಲಾಗದು. ಮೊದಲನೆಯದು ಥರ್ಮೋಪ್ಲಾಸ್ಟಿಕ್, ಎರಡನೆಯದು ಸಾಮಾನ್ಯವಾಗಿ ಥರ್ಮೋಸೆಟ್. ಪ್ಲಾಸ್ಟಿಕ್ ಬರುವುದಕ್ಕೆ ಎಷ್ಟೋ ಮೊದಲೇ ಚನ್ನಪಟ್ಟಣದ ಕುಶಲಕರ್ಮಿಗಳು ಮೊದಲನೆಯ ಗುಣವನ್ನು ಅರಗಿನಲ್ಲಿ ಬಳಸಿಕೊಂಡಿದ್ದರು: ತಿರುಗುವ ಬೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ತಿಕ್ಕಾಟದ ಬಿಸಿಗೆ ಅರಗು ಮೆತ್ತಗಾಗಿ ಮರದ ಮೈಗೆ ಹತ್ತಿ, ತಣಿದೊಡನೆ ಹೊಳಪಿನ ಕವಚವಾಗುತ್ತದೆ.

ಎರಡು ವಸ್ತುಗಳು ತಮ್ಮ ಗುರುತು ಉಳಿಸಿಕೊಂಡೇ ಒಂದಾಗಿ ದುಡಿಯುವಂತೆ ಮಾಡಿದ್ದು ಸಂಯುಕ್ತ ವಸ್ತು. ಹುಲ್ಲು ಕಲಸಿದ ಮಣ್ಣಿನ ಗೋಡೆ ಇದರ ಹಳೆಯ ರೂಪ; ಒತ್ತಡ ತಾಳುವ ಕಾಂಕ್ರೀಟಿನೊಳಗೆ ಎಳೆತ ತಾಳುವ ಉಕ್ಕಿನ ಸರಳುಗಳನ್ನು ಹುದುಗಿಸಿದ ಆರ್‌ಸಿಸಿ ಇಂದಿನ ರೂಪ; ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ವಿಮಾನದ ಹೊರಮೈಯ ಬಹುಪಾಲನ್ನು ಮಾಡಿರುವ ಇಂಗಾಲದ ನಾರಿನ ವಸ್ತು ಅದರ ಮುಂದುವರಿದ ರೂಪ.

ಚಲನೆ ಮತ್ತು ನಿಯಂತ್ರಣ

ವಸ್ತು ಒಂದೆಡೆಯಾದರೆ, ಬಿಡಿಭಾಗಗಳು ಒಂದು ಉದ್ದೇಶಕ್ಕಾಗಿ ಕೂಡಿ ದುಡಿಯುವ ಬಗೆ ಇನ್ನೊಂದೆಡೆ. ಅದನ್ನೇ ವ್ಯವಸ್ಥೆ ಎನ್ನುವುದು. ಯಂತ್ರಗಳ ಚಲನೆ ನಾಲ್ಕು ಬಗೆಯದು: ಒಂದೇ ದಿಕ್ಕಿಗೆ ನೇರವಾಗಿ ಸಾಗುವುದು, ಸುತ್ತ ತಿರುಗುವುದು, ನೇರ ಗೆರೆಯಲ್ಲಿ ಹೋಗಿ ಬರುವುದು ಮತ್ತು ತೊಟ್ಟಿಲಿನಂತೆ ಕಮಾನಿನಲ್ಲಿ ತೂಗುವುದು. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದಲ್ಲಿ ಈ ನಾಲ್ಕೂ ಸಿಗುತ್ತವೆ. ಪಾದದಡಿಯ ತುಳಿಹಲಗೆ ತೂಗುತ್ತದೆ. ಅದಕ್ಕೆ ಜೋಡಿಸಿದ ಸರಳು ಕೆಳಗಿನ ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ಬೆಲ್ಟಿನ ಮೂಲಕ ಆ ತಿರುಗಾಟ ಮೇಲಿನ ಸಣ್ಣ ಚಕ್ರಕ್ಕೆ ಸಾಗುವಾಗ ಅದರ ವೇಗ ಹೆಚ್ಚುತ್ತದೆ. ಅಲ್ಲಿಂದ ಸೂಜಿ ಮೇಲೆ ಕೆಳಗೆ ಹೋಗಿ ಬರುತ್ತದೆ, ಬಟ್ಟೆ ಮಾತ್ರ ಮುಂದಕ್ಕೇ ಸಾಗುತ್ತದೆ. ಒಂದು ಬಗೆಯ ಚಲನೆಯನ್ನು ಇನ್ನೊಂದಾಗಿ ಮಾರ್ಪಡಿಸುವ ಇಂತಹ ಜೋಡಣೆಗಳಿಗೆ ಯಾಂತ್ರಿಕ ರಚನೆ ಎಂದು ಹೆಸರು.

ಅವುಗಳಲ್ಲಿ ಅತಿ ಸರಳವಾದದ್ದು ಸನ್ನೆ. ಅದು ತಿರುಗುವ ಬಿಂದು ಆನಿಕೆ; ಎತ್ತಬೇಕಾದದ್ದು ಭಾರ; ಕೈ ಹಾಕುವ ಶಕ್ತಿ ಪ್ರಯತ್ನ. ಕತ್ತರಿಯಲ್ಲಿ ಆನಿಕೆ ನಡುವೆ ಇರುತ್ತದೆ, ಅಡಕತ್ತರಿಯಲ್ಲಿ ಅಡಕೆಯೆಂಬ ಭಾರ ನಡುವೆ ಬರುತ್ತದೆ, ಚಿಮಟದಲ್ಲಿ ಕೈಯ ಪ್ರಯತ್ನವೇ ನಡುವೆ ಬೀಳುತ್ತದೆ. ಸನ್ನೆಯ ಮೂರು ವರ್ಗಗಳು ಇವೇ. ಭಾರವು ಪ್ರಯತ್ನಕ್ಕಿಂತ ಎಷ್ಟು ಪಟ್ಟು ಹೆಚ್ಚಿದೆಯೋ ಅದು ಯಾಂತ್ರಿಕ ಲಾಭ. ಆನಿಕೆಯಿಂದ 3 ಸೆಂ.ಮೀ. ದೂರದಲ್ಲಿ ಅಡಕೆಯನ್ನಿಟ್ಟು 15 ಸೆಂ.ಮೀ. ದೂರದಲ್ಲಿ ಹಿಡಿ ಒತ್ತಿದರೆ ಕೈಬಲ ಐದು ಪಟ್ಟಾಗಿ ಅಡಕೆಯ ಮೇಲೆ ಬೀಳುತ್ತದೆ; ಅದಕ್ಕೆ ತೆರುವ ಬೆಲೆಯೆಂದರೆ ಅಲಗು ಚಲಿಸುವುದಕ್ಕಿಂತ ಕೈ ಐದು ಪಟ್ಟು ದೂರ ಚಲಿಸಬೇಕಾಗುತ್ತದೆ. ಸೈಕಲ್ಲಿನಲ್ಲಿ ಈ ಕೊಡುಕೊಳೆ ತಿರುಗುಮುರುಗಾಗುತ್ತದೆ: ಪೆಡಲಿನ ಚಕ್ರಕ್ಕೆ 48, ಹಿಂಬದಿಯ ಚಕ್ರಕ್ಕೆ 16 ಹಲ್ಲುಗಳಿದ್ದರೆ ಒಂದು ತುಳಿತದ ಸುತ್ತಿಗೆ ಹಿಂದಿನ ಗಾಲಿ ಮೂರು ಸುತ್ತು ಬರುತ್ತದೆ, ವೇಗ ಸಿಗುತ್ತದೆ, ಆದರೆ ಏರಿನಲ್ಲಿ ಕಾಲು ನೋಯುತ್ತದೆ.

ಯಾವುದೇ ವ್ಯವಸ್ಥೆಯನ್ನು ಇನ್‌ಪುಟ್, ಪ್ರಕ್ರಿಯೆ, ಔಟ್‌ಪುಟ್ ಎಂಬ ಮೂರು ಚೌಕಗಳಲ್ಲಿ ಬಿಡಿಸಿ ನೋಡುವುದು ಈ ವಿಷಯ ಕಲಿಸುವ ದೊಡ್ಡ ಅಭ್ಯಾಸ. ಒಳಗೆ ಹೋಗುವುದು ಇನ್‌ಪುಟ್, ಅದಕ್ಕೆ ಆಗುವ ಸಂಸ್ಕಾರ ಪ್ರಕ್ರಿಯೆ, ಹೊರಬರುವ ಫಲ ಔಟ್‌ಪುಟ್. ಫಲದ ಸ್ಥಿತಿ ಮತ್ತೆ ಒಳಗೆ ಮರಳಿ ಪ್ರಕ್ರಿಯೆಯನ್ನು ತಿದ್ದಿದರೆ ಅದಕ್ಕೆ ಹಿಮ್ಮಾಹಿತಿ ಎನ್ನುತ್ತಾರೆ. ಇಸ್ತ್ರಿ ಪೆಟ್ಟಿಗೆಯೊಳಗೆ ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿರುತ್ತದೆ. ಬಿಸಿ ಏರಿದಂತೆ ಅದು ಬಾಗಿ ವಿದ್ಯುತ್ತನ್ನು ಕಡಿದುಹಾಕುತ್ತದೆ, ತಣಿದಂತೆ ನೇರವಾಗಿ ಮತ್ತೆ ಜೋಡಿಸುತ್ತದೆ. ಔಟ್‌ಪುಟ್ ಆದ ಬಿಸಿಯೇ ಇನ್‌ಪುಟ್ ಆದ ವಿದ್ಯುತ್ತನ್ನು ಆಳುವ ಈ ಏರ್ಪಾಡು ಮುಚ್ಚಿದ ಸುತ್ತಿನ ವ್ಯವಸ್ಥೆ. ಕರೆಂಟು ಇರುವವರೆಗೂ, ಕೋಣೆ ತಣ್ಣಗಾದರೂ ಒಂದೇ ವೇಗದಲ್ಲಿ ತಿರುಗುವ ಸಾದಾ ಫ್ಯಾನು ತೆರೆದ ಸುತ್ತಿನದು.

ಒಲೆಯ ಮೇಲಿನ ಪಾಠ

ವಸ್ತು ಮತ್ತು ವ್ಯವಸ್ಥೆ ಎಂಬ ಎರಡು ಎಳೆಗಳು ಎಷ್ಟು ಬಿಗಿಯಾಗಿ ಹೆಣೆದುಕೊಂಡಿವೆ ಎಂಬುದಕ್ಕೆ ಪ್ರೆಶರ್ ಕುಕ್ಕರಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಫ್ರಾನ್ಸಿನಲ್ಲಿ ಹುಟ್ಟಿದ ಡೆನಿಸ್ ಪಾಪಿನ್ ಇದರ ಮೂಲರೂಪವನ್ನು 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟರು. ಹಬೆಯನ್ನು ಒಳಗೇ ತಡೆದು ಒತ್ತಡವನ್ನು ವಾತಾವರಣದ ಸುಮಾರು ಎರಡು ಪಟ್ಟಿಗೆ ಏರಿಸಿದರೆ ನೀರು 100 ಡಿಗ್ರಿಗೆ ಬದಲು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆಯಾದ್ದರಿಂದ ಬೇಳೆ ಬೇಗ ಬೇಯುತ್ತದೆ. ಒಲೆಯ ಬಿಸಿ ಇನ್‌ಪುಟ್, ಬೆಂದ ಅನ್ನ ಔಟ್‌ಪುಟ್, ಮತ್ತು ಮುಚ್ಚಳದ ಮೇಲಿನ ತೂಕವೇ ಹಿಮ್ಮಾಹಿತಿಯ ಸಾಧನ: ಒತ್ತಡ ಮಿತಿ ಮೀರಿದಾಗ ಹಬೆ ಆ ತೂಕವನ್ನು ಎತ್ತಿ ಹೊರಬರುತ್ತದೆ, ಒತ್ತಡ ಇಳಿದಾಗ ತೂಕ ಮತ್ತೆ ಕೂರುತ್ತದೆ. ಮನೆಮಂದಿ ಎಣಿಸುವ ವಿಶಲ್ ಎಂದರೆ ಈ ವ್ಯವಸ್ಥೆ ತನ್ನನ್ನು ತಾನೇ ತಿದ್ದಿಕೊಳ್ಳುವ ಸದ್ದು.

ಆ ವ್ಯವಸ್ಥೆ ನಡೆಯುವುದು ಒಂದೊಂದು ಭಾಗದ ವಸ್ತು ತನ್ನ ಗುಣವನ್ನು ಕಾಯ್ದುಕೊಂಡಾಗ ಮಾತ್ರ. ಮೈ ಅಲ್ಯೂಮಿನಿಯಂನದು, ಏಕೆಂದರೆ ಅದು ಶಾಖವನ್ನು ಚೆನ್ನಾಗಿ ಹಾಯಿಸುತ್ತದೆ ಮತ್ತು ಉಕ್ಕಿನ ಸುಮಾರು ಮೂರನೆಯ ಒಂದರಷ್ಟೇ ಸಾಂದ್ರತೆ ಉಳ್ಳದ್ದು. ಹಿಡಿ ಸಾಮಾನ್ಯವಾಗಿ ಬೇಕಲೈಟ್‌ನದು. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಕಂಡುಹಿಡಿದ ಈ ಥರ್ಮೋಸೆಟ್ ಬಿಸಿಗೆ ಮೆತ್ತಗಾಗುವುದಿಲ್ಲ, ಕೈಗೆ ಬಿಸಿ ಹಾಯಿಸುವುದೂ ಕಡಿಮೆ. ಗ್ಯಾಸ್ಕೆಟ್ ರಬ್ಬರಿನದು, ಅದರ ಸ್ಥಿತಿಸ್ಥಾಪಕತ್ವವೇ ಹಬೆಗೆ ಬೀಗ. ವರ್ಷಗಟ್ಟಲೆ ಬಿಸಿ ಕುಡಿದ ರಬ್ಬರು ಪೆಡಸಾದಾಗ ಹಬೆ ಬದಿಯಿಂದ ಸೋರುತ್ತದೆ, ಒತ್ತಡ ಏರುವುದಿಲ್ಲ, ವಿಶಲ್ ಬರುವುದಿಲ್ಲ. ಸೇಫ್ಟಿ ವಾಲ್ವಿನೊಳಗೆ ಕಡಿಮೆ ಬಿಸಿಗೇ ಕರಗುವ ಮಿಶ್ರಲೋಹವನ್ನು ತುಂಬಿರುತ್ತಾರೆ. ನೀರು ಆರಿ ಬಿಸಿ ವಿಪರೀತವಾದರೆ ಅದು ಕರಗಿ ಹಬೆಗೆ ದಾರಿ ಮಾಡಿಕೊಡುತ್ತದೆ. ಉಳಿದೆಲ್ಲ ಭಾಗಗಳು ನಿಲ್ಲಬೇಕಾದ ಕಡೆ ಇದೊಂದು ಭಾಗ ಸೋಲುವಂತೆಯೇ ವಿನ್ಯಾಸಗೊಂಡಿದೆ.

ಭಾರತದಲ್ಲಿ ಕೈಕೆಲಸದ ಮೂಲಕ ಕಲಿಕೆ ಹೊಸ ವಿಚಾರವಲ್ಲ; 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮಂಡಿಸಿದ ಮೂಲಶಿಕ್ಷಣದ ತಿರುಳೇ ಅದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೆಯ ತರಗತಿಯ ಅವಧಿಯಲ್ಲಿ 10 ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರಂತಹವರ ಬಳಿ ಕಲಿಯಬೇಕೆನ್ನುತ್ತದೆ. ಆ ಹತ್ತು ದಿನಗಳು ವಿಹಾರವಾಗಿ ಕಳೆಯದಿರಬೇಕಾದರೆ ಕೈಗೆ ಮಾತೂ ಜೊತೆಯಾಗಬೇಕು. ಹದ, ಆನಿಕೆ, ಪೆಡಸು, ಬೋದಿಗೆ ಎಂಬ ಮಾತುಗಳು ಕಸುಬಿನವರ ನಾಲಿಗೆಯ ಮೇಲಿವೆ, ತನ್ಯತೆ, ಸ್ಥಿತಿಸ್ಥಾಪಕತ್ವ, ಹಿಮ್ಮಾಹಿತಿ ಎಂಬ ಮಾತುಗಳು ಪಠ್ಯಪುಸ್ತಕದಲ್ಲಿವೆ. ಇವೆರಡೂ ಒಂದೇ ಪಾಠದಲ್ಲಿ ಸಂಧಿಸಿದಾಗ ಮಾತ್ರ ಕನ್ನಡದ ಮಗುವಿಗೆ ತಂತ್ರಜ್ಞಾನವು ತನ್ನ ಮನೆಯ ವಿದ್ಯೆಯಾಗುತ್ತದೆ. ಕುಕ್ಕರ್ ಸೋರಿದಾಗ ‘ಗ್ಯಾಸ್ಕೆಟ್ ಗಟ್ಟಿಯಾಗಿದೆ’ ಎಂದು ಮನೆಯಲ್ಲಿ ಹೇಳುವ ಮಾತು ತಪ್ಪೇನಲ್ಲ. ಅದನ್ನು ಕೇಳಿದ ಮಗು, ಗಟ್ಟಿಯಾದದ್ದು ಒಳ್ಳೆಯದೇ ಅಲ್ಲವೇ, ಹಾಗಿದ್ದರೆ ಇಲ್ಲಿ ಕಳೆದುಹೋದ ಗುಣ ಯಾವುದು ಎಂದು ಕೇಳಿಕೊಳ್ಳುವಂತಾದರೆ ಈ ಪರಿಭಾಷೆ ತನ್ನ ಕೆಲಸ ಮಾಡಿದಂತೆ.