ಗ್ರಾಮೀಣ ವಸತಿ: ಕಟ್ಟುವವರ ಕೈಗೆ ನೆರವು

ಗ್ರಾಮೀಣ ವಸತಿಯ ಪ್ರಗತಿಯನ್ನು ಸಾಮಾನ್ಯವಾಗಿ ಮಂಜೂರಾದ ಮತ್ತು ಪೂರ್ಣಗೊಂಡ ಮನೆಗಳ ಸಂಖ್ಯೆಯಿಂದ ಅಳೆಯಲಾಗುತ್ತದೆ. ಆದರೆ ಆ ಮನೆಗಳಲ್ಲಿ ಜನ ನೆಮ್ಮದಿಯಿಂದ ಬಾಳುವರೇ, ಅವು ಆಪತ್ತಿನ ಕಾಲದಲ್ಲಿ ನಿಲ್ಲುವುವೇ ಎಂಬುದು, ಕಟ್ಟುವಾಗ ನಿರ್ಧಾರ ಯಾರ ಕೈಯಲ್ಲಿತ್ತು ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ಮಹಾರಾಷ್ಟ್ರದ ಲಾತೂರು ಮತ್ತು ಉಸ್ಮಾನಾಬಾದ್ (ಇಂದಿನ ಧಾರಾಶಿವ) ಜಿಲ್ಲೆಗಳ ಅನುಭವ ಇದಕ್ಕೆ ಸ್ಪಷ್ಟ ನಿದರ್ಶನವಾಗಿದೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆಯ ಮರುದಿನ, ಕಿಲ್ಲಾರಿಯ ಸುತ್ತಮುತ್ತ ಸಂಭವಿಸಿದ ಭೂಕಂಪದಲ್ಲಿ ಸುಮಾರು 8,000 ಜನರು ಮೃತಪಟ್ಟರು. ಕಂಪನದ ಪ್ರಮಾಣ 6.2. ಈ ಮಟ್ಟದ ಕಂಪನಕ್ಕೆ ಇಷ್ಟೊಂದು ಜೀವಹಾನಿಯಾಗಲು ಮುಖ್ಯ ಕಾರಣ ಮನೆಗಳ ರಚನೆಯೇ. ನೆರೆಯ ಬೀದರ ಮತ್ತು ಕಲಬುರಗಿ ಜಿಲ್ಲೆಗಳವರಿಗೂ ಚಿರಪರಿಚಿತವಾದ ಮನೆಗಳವು: ಕೆಸರುಮಣ್ಣಿನಲ್ಲಿ ಕೂಡಿಸಿದ ಒರಟುಗಲ್ಲಿನ ದಪ್ಪ ಗೋಡೆ, ತೊಲೆ-ಜಂತೆಗಳ ಮೇಲೆ ಹರಡಿದ ಮಣ್ಣಿನ ಮಾಳಿಗೆ. ಸೋರಿಕೆ ತಡೆಯಲೆಂದು ಮೇಲಿಂದ ಮೇಲೆ ಮಣ್ಣು ಹಾಕಿದಂತೆಲ್ಲ ಮಾಳಿಗೆಯ ಭಾರ ಹೆಚ್ಚುತ್ತ ಹೋಗುತ್ತದೆ. ಗೋಡೆಯ ಒಳಮುಖ ಹೊರಮುಖಗಳನ್ನು ಬೆಸೆಯುವ ಉದ್ದನೆಯ ಕಲ್ಲುಗಳು ಇಲ್ಲದಿದ್ದುದರಿಂದ ಅವು ಎರಡು ಹೋಳಾಗಿ ಬಿರಿದು ಕುಸಿದವು. ಮಾಳಿಗೆ ಮಲಗಿದ್ದವರ ಮೇಲೆ ಬಿದ್ದಿತು.

ವಿಶ್ವಬ್ಯಾಂಕಿನ ನೆರವಿನೊಡನೆ ಮಹಾರಾಷ್ಟ್ರ ಸರ್ಕಾರ ಕೈಗೊಂಡ ಪುನರ್ವಸತಿ ಕಾರ್ಯ ಎರಡು ಬಗೆಯಲ್ಲಿ ಸಾಗಿತು. ಸಂಪೂರ್ಣ ನೆಲಸಮವಾದ 52 ಗ್ರಾಮಗಳನ್ನು ಹೊಸ ನಿವೇಶನಗಳಿಗೆ ಸ್ಥಳಾಂತರಿಸಲಾಯಿತು. ಅಲ್ಲಿ ಭೂಹಿಡುವಳಿಗೆ ಅನುಗುಣವಾಗಿ 250, 400 ಅಥವಾ 750 ಚದರ ಅಡಿಗಳ ಮನೆಗಳು ದೊರೆತವು. ಅಗಲವಾದ ನೇರ ಬೀದಿಗಳು ನಕ್ಷೆಯಲ್ಲಿ ಅಚ್ಚುಕಟ್ಟಾಗಿದ್ದವು. ಆದರೆ ಹಲವೆಡೆ ಹಳೆಯ ಓಣಿಯ ನೆರೆಹೊರೆ ಚದುರಿಹೋಯಿತು. ದನಕರುಗಳಿಗೆ, ಕಾಳುಕಡಿಗೆ, ಅಂಗಳದ ಕೆಲಸಕ್ಕೆ ಬೇಕಾದ ಎಡೆಯನ್ನು ನಿವಾಸಿಗಳು ಆಮೇಲೆ ತಾವೇ ಮಾಡಿಕೊಳ್ಳಬೇಕಾಯಿತು.

ಎರಡನೆಯ ಬಗೆಯ ಕಾರ್ಯಕ್ಕೆ ಪತ್ರಿಕೆಗಳಲ್ಲಿ ಅಷ್ಟು ಪ್ರಚಾರ ಸಿಗಲಿಲ್ಲವಾದರೂ ಅದರ ವ್ಯಾಪ್ತಿ ಬಹು ದೊಡ್ಡದು. ಸಾವಿರಕ್ಕೂ ಮೀರಿದ ಹಳ್ಳಿಗಳಲ್ಲಿ ಹಾನಿಗೊಳಗಾದ ಸುಮಾರು 2 ಲಕ್ಷ ಮನೆಗಳ ದುರಸ್ತಿ ಮತ್ತು ಬಲವರ್ಧನೆಯನ್ನು ಮನೆಯವರಿಗೇ ವಹಿಸಲಾಯಿತು. ಹಣ ಕಂತುಗಳಲ್ಲಿ ಬಂದಿತು. ಸಾಮಗ್ರಿ ಕೊಳ್ಳುವುದು, ಗೌಂಡಿಯನ್ನು ಗೊತ್ತುಮಾಡುವುದು ಕುಟುಂಬದ ಹೊಣೆಯಾಯಿತು. ಆರಂಭದಲ್ಲಿ ಕೆಲಸ ಕುಂಟಿತು. ಯಾವ ಕಂತು ಯಾವಾಗ, ಯಾವ ಕೆಲಸಕ್ಕೆ ಎಂಬುದು ಜನರಿಗೆ ತಿಳಿದಿರಲಿಲ್ಲ. ಕಲ್ಲಿನ ಮೇಲೆಯೇ ಭಯ ಹುಟ್ಟಿದ್ದರಿಂದ, ಹಳೆಯ ಗೋಡೆಯನ್ನು ಬಲಪಡಿಸಬಹುದೆಂಬ ಮಾತನ್ನು ನಂಬುವುದೂ ಕಷ್ಟವಾಗಿತ್ತು.

ಈ ಕೊರತೆಯನ್ನು ನೀಗಿಸಿದವರು ಹಳ್ಳಿಯ ಮಹಿಳೆಯರು. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ಮಾರ್ಗದರ್ಶನದಲ್ಲಿ ಮಹಿಳಾ ಮಂಡಳಗಳ ಸದಸ್ಯೆಯರನ್ನು ‘ಸಂವಾದ ಸಹಾಯಕ’ರನ್ನಾಗಿ ನೇಮಿಸಲಾಯಿತು. ಅವರು ಮನೆಮನೆಗೆ ಹೋಗಿ ನೆರವಿನ ನಿಯಮಗಳನ್ನು ವಿವರಿಸಿದರು, ಗ್ರಾಮಸಭೆಗಳಿಗೆ ಜನರನ್ನು ಕರೆತಂದರು, ತಡವಾದ ಕಂತಿನ ಬಗ್ಗೆ ಅಧಿಕಾರಿಗಳನ್ನು ಕೇಳಿದರು. ಗೋಡೆಯ ಎರಡು ಮುಖಗಳನ್ನು ಬಿಗಿಯುವ ಕಾಂಕ್ರೀಟಿನ ಕೊಂಡಿ, ಬಾಗಿಲು-ಕಿಟಕಿಗಳ ಮೇಲ್ಮಟ್ಟದಲ್ಲಿ ಇಡೀ ಮನೆಯನ್ನು ಸುತ್ತುವ ಬಲಪಟ್ಟಿ, ಮಾಳಿಗೆಯ ಮಣ್ಣನ್ನು ತೆಳುವಾಗಿಸುವುದು ಮೊದಲಾದ ಕ್ರಮಗಳ ಅಗತ್ಯವನ್ನು ಕಲಿತ ಗೃಹಿಣಿಯರು, ಗೌಂಡಿ ಅವಸರ ಮಾಡಿದಾಗ ತಡೆದು ಪ್ರಶ್ನಿಸಬಲ್ಲವರಾದರು. ಮನೆ ಕಟ್ಟುವುದು ಗಂಡಸರ ವ್ಯವಹಾರವೆಂದು ಭಾವಿಸಿದ್ದ ಪ್ರದೇಶದಲ್ಲಿ ಇದು ಸಣ್ಣ ಬದಲಾವಣೆಯಲ್ಲ.

2001ರ ಜನವರಿ 26ರ ಭೂಕಂಪದ ನಂತರ ಗುಜರಾತ್ ಸರ್ಕಾರ ಮನೆಯವರೇ ಮುಂದಾಗಿ ಕಟ್ಟುವ ಕ್ರಮವನ್ನು ವ್ಯಾಪಕವಾಗಿ ಅನುಸರಿಸಿತು. ಲಾತೂರಿನ ಮಹಿಳೆಯರು ಅಲ್ಲಿಗೆ ಹೋಗಿ ತಮ್ಮ ಅನುಭವವನ್ನು ಹಂಚಿಕೊಂಡರು. ಕಛ್‌ನಲ್ಲಿ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟವಾದ ‘ಅಭಿಯಾನ’ವು ಗ್ರಾಮಸಮೂಹಗಳ ನಡುವೆ ‘ಸೇತು’ ಕೇಂದ್ರಗಳನ್ನು ತೆರೆದು, ಸರ್ಕಾರದ ಆದೇಶಗಳನ್ನು ಹಳ್ಳಿಗೂ ಹಳ್ಳಿಯ ಅಹವಾಲುಗಳನ್ನು ಸರ್ಕಾರಕ್ಕೂ ಮುಟ್ಟಿಸಿತು. ಭೂಂಗಾ ಎಂಬ ದುಂಡನೆಯ ಸಾಂಪ್ರದಾಯಿಕ ಮಣ್ಣಿನ ಮನೆಗಳು ಕಂಪನವನ್ನು ಚೆನ್ನಾಗಿ ತಾಳಿಕೊಂಡಿದ್ದುದನ್ನು ಇಲ್ಲಿ ನೆನೆಯಬೇಕು. ಸ್ಥಳೀಯ ಸಾಮಗ್ರಿಯೆಲ್ಲ ದುರ್ಬಲವೆಂಬ ಭಾವನೆಗೆ ಆಧಾರವಿಲ್ಲ.

ಇಂದಿನ ರಾಷ್ಟ್ರೀಯ ಕಾರ್ಯಕ್ರಮದಲ್ಲಿಯೂ ಈ ತತ್ತ್ವವಿದೆ. 1985-86ರಲ್ಲಿ ಆರಂಭವಾದ ಇಂದಿರಾ ಆವಾಸ್ ಯೋಜನೆಯನ್ನು 2016ರಲ್ಲಿ ಪುನಾರಚಿಸಿ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಎಂದು ಹೆಸರಿಸಲಾಯಿತು. ಇದರನ್ವಯ ಕನಿಷ್ಠ 25 ಚದರ ಮೀಟರಿನ ಮನೆಗೆ ಬಯಲು ಪ್ರದೇಶದಲ್ಲಿ 1.20 ಲಕ್ಷ ರೂಪಾಯಿ, ಗುಡ್ಡಗಾಡು ಮತ್ತು ದುರ್ಗಮ ಪ್ರದೇಶಗಳಲ್ಲಿ 1.30 ಲಕ್ಷ ರೂಪಾಯಿ ನೆರವು ಫಲಾನುಭವಿಯ ಖಾತೆಗೆ ಕಂತುಗಳಲ್ಲಿ ಜಮೆಯಾಗುತ್ತದೆ. ಗುತ್ತಿಗೆದಾರರಿಗೆ ಇದರಲ್ಲಿ ಅವಕಾಶವಿಲ್ಲ. ಗ್ರಾಮೀಣ ಗೌಂಡಿಗಳಿಗೆ ತರಬೇತಿಯೂ, ಆಯಾ ಪ್ರದೇಶದ ಹವಾಮಾನಕ್ಕೆ ಒಗ್ಗುವ ಮನೆ ನಕ್ಷೆಗಳೂ ಯೋಜನೆಯ ಅಂಗಗಳು. 2024ರಲ್ಲಿ ಇದನ್ನು 2029ರ ಮಾರ್ಚ್‌ವರೆಗೆ ವಿಸ್ತರಿಸಿ ಇನ್ನೂ 2 ಕೋಟಿ ಮನೆಗಳ ಗುರಿ ಇರಿಸಲಾಯಿತು. ಆದರೆ ಪ್ರತಿ ಮನೆಯ ನೆರವಿನ ಮೊತ್ತ 2016ರಲ್ಲಿದ್ದಷ್ಟೇ ಉಳಿಯಿತು. ಸಿಮೆಂಟು, ಕಬ್ಬಿಣ, ಕೂಲಿಗಳ ದರ ಏರಿರುವಾಗ ಕುಟುಂಬ ಸಾಲಕ್ಕೆ ಕೈಚಾಚುವ ಸಂಭವವಿದೆ. ಸ್ವಸಹಾಯ ಸಂಘದ ಉಳಿತಾಯ, ಒಟ್ಟಾಗಿ ಸಾಮಗ್ರಿ ಕೊಳ್ಳುವ ಏರ್ಪಾಡು, ಸರದಿಯಂತೆ ಒಬ್ಬರಿಗೊಬ್ಬರು ದುಡಿಯುವ ಮುಯ್ಯಾಳು ಪದ್ಧತಿಗಳು ಈ ಹಂತದಲ್ಲಿ ಉಪಯುಕ್ತವಾಗುತ್ತವೆ.

ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಪರಿಶೀಲಿಸಬೇಕೆಂಬುದು ನಿಯಮ. ಅರ್ಹರ ಹೆಸರು ಬಿಟ್ಟುಹೋಗಿದ್ದರೆ ಜಿಲ್ಲಾ ಮಟ್ಟದ ಮೇಲ್ಮನವಿ ಸಮಿತಿಗೆ ದೂರು ಸಲ್ಲಿಸಬಹುದು. ದುಡಿಮೆಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಬಂದವರ ತಂದೆತಾಯಿ ಅಥವಾ ಸೋದರರು ಊರಿನಲ್ಲಿ ಕಚ್ಚಾ ಮನೆಯಲ್ಲಿ ವಾಸವಾಗಿದ್ದರೆ, ಅವರ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ, ಮುಂದಿನ ಗ್ರಾಮಸಭೆಗೆ ಮನೆಯವರೊಬ್ಬರು ಹಾಜರಾಗುವಂತೆ ನೋಡಿಕೊಳ್ಳುವುದು ಅಗತ್ಯ. ಮಂಜೂರಾದ ಮನೆಯನ್ನು ಸಾಮಾನ್ಯವಾಗಿ ಮಹಿಳೆಯ ಹೆಸರಿನಲ್ಲಿ ಅಥವಾ ಪತಿ-ಪತ್ನಿಯರ ಜಂಟಿ ಹೆಸರಿನಲ್ಲಿ ನೀಡಲಾಗುತ್ತದೆ.